ಕೋಟಿನ ಹೊಟ್ಟೆ ಕೊಯ್ದ ಡಾಕ್ಟರು

ಏಪ್ರಿಲ್ ತಿಂಗಳಲ್ಲಿ ಬದಿಯಡ್ಕದಲ್ಲಿ ಕೋಟು ಹೊಲಿಸುವವನಿಗೆ ಒಂದೋ ಮದುವೆ ನಿಶ್ಚಯ ಆಗಿರಬೇಕು, ಇಲ್ಲವೇ ತಲೆ ಕೆಟ್ಟಿರಬೇಕು ಎಂದರು ಮಾಷ್ಟ್ರು. ಎರಡೂ ಒಂದೇ ಅಲ್ವಾ ಎಂದರು ಭಾವ.

ಟೈಲರಣ್ಣನ ಅಂಗಡಿಯಲ್ಲಿ ಮದುಮಗನ ಕೋಟು ನೇತಾಡುತ್ತಿತ್ತು. ಒಳಗೆ ಕ್ಯಾನ್ವಾಸು, ಭುಜಕ್ಕೆ ಪ್ಯಾಡು, ಅದರ ಮೇಲೆ ಮಿರಿಮಿರಿ ಲೈನಿಂಗು. ಅದನ್ನು ಹೊಲಿದ ಮನುಷ್ಯ ಮಾತ್ರ ಲುಂಗಿ, ಬನಿಯನ್ನಿನಲ್ಲಿ ಫ್ಯಾನಿನ ಕೆಳಗೆ ಕೂತಿದ್ದ.

"ಈ ಲೈನಿಂಗು, ಪ್ಯಾಡು ಎಲ್ಲ ಕಿತ್ತು ಬಿಸಾಡಿಯೇ ಒಬ್ಬ ಕೋಟ್ಯಧಿಪತಿ ಆದ, ಗೊತ್ತುಂಟಾ? ಜಾರ್ಜಿಯೊ ಅರ್ಮಾನಿ," ಎಂದರು ಮಾಷ್ಟ್ರು.

"ಅರ್ಮಾನಿಯಾ? ಅದು ಹೋಟೆಲಲ್ವಾ?" ದುಬೈ ಇಚ್ಚನಿಗೆ ಆಶ್ಚರ್ಯ. "ಬುರ್ಜ್ ಖಲೀಫಾದಲ್ಲೇ ಉಂಟಲ್ಲ. 2010ರಲ್ಲಿ ಶುರುವಾದದ್ದು. ನಾನು ಎಷ್ಟೋ ಸಲ ನೋಡಿದ್ದೇನೆ."

"ಒಳಗೆ ಹೋಗಿ?"

"ಟ್ಯಾಕ್ಸಿಯಿಂದ."

ಹೋಟೆಲು ಆಮೇಲಿನದು, ಮೊದಲು ಮನುಷ್ಯನ ಕಥೆ ಕೇಳಿ ಎಂದು ಮಾಷ್ಟ್ರು ಕಾಲು ಮಡಚಿ ಕೂತರು. ಅವರು ಹಾಗೆ ಕೂತರೆ ಆಚೆ ಹೋಗುವ ಬಸ್ಸು ಒಂದೆರಡು ತಪ್ಪಿದ ಹಾಗೆಯೇ. ಅರ್ಮಾನಿ ಹುಟ್ಟಿದ್ದು 1934ರಲ್ಲಿ, ಇಟಲಿಯ ಪಿಯಾಚೆಂಜಾ ಎಂಬ ಊರಿನಲ್ಲಿ. ಒಂದು ಕಾದಂಬರಿ ಓದಿ ಡಾಕ್ಟರಾಗುವ ಆಸೆ ಹುಟ್ಟಿತಂತೆ. ಮಿಲಾನಿನಲ್ಲಿ ಮೆಡಿಕಲ್ ಸೇರಿದ. ನಡುವಿನಲ್ಲೇ ಬಿಟ್ಟ. ಮಿಲಿಟರಿಗೆ ಹೋಗಿ ಬಂದ. 1957ರಲ್ಲಿ ಲಾ ರಿನಾಶೆಂತೆ ಎಂಬ ದೊಡ್ಡ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ. ಎಂಥ ಕೆಲಸ? ಗಾಜಿನ ಹಿಂದೆ ಬಟ್ಟೆ ಜೋಡಿಸುವುದು.

"ಮೆಡಿಕಲ್ ಬಿಟ್ಟು ಗೊಂಬೆಗೆ ಶರ್ಟು ಹಾಕಲಿಕ್ಕೆ ಹೋದನಾ?" ಭಾವ ಹೌಹಾರಿದರು. ಅವರಿಗೆ ಹಾಗನಿಸಲು ಕಾರಣ ಉಂಟು. ತಂಗಿಯ ಮಗ ನೀಟ್ ಕೋಚಿಂಗ್ ಬಿಟ್ಟು ಕಣ್ಣೂರಿನ ನಿಫ್ಟ್ ಎಂಬ ಫ್ಯಾಷನ್ ಕಾಲೇಜಿಗೆ ಸೇರುತ್ತೇನೆ, ಗಂಡಸರ ಬಟ್ಟೆ ಡಿಸೈನ್ ಮಾಡುತ್ತೇನೆ ಎಂದು ಹಟ ಹಿಡಿದಿದ್ದಾನೆ. ಮನೆಯಲ್ಲಿ ಅಡಿಕೆಗೆ ಕೊಳೆರೋಗ ಬಂದಾಗಲೂ ಇಷ್ಟು ಗಲಾಟೆ ಆಗಿರಲಿಲ್ಲವಂತೆ. "ಗಂಡಸರ ಬಟ್ಟೆಯಲ್ಲಿ ಡಿಸೈನ್ ಮಾಡಲಿಕ್ಕೆ ಎಂತದುಂಟು ಮಾರಾಯ್ರೆ? ಎರಡು ಕೈ, ಒಂದು ಕಾಲರು, ಒಂದು ಕಿಸೆ. ಮುಗೀತು."

"ನಮ್ಮ ತಳಂಗರೆ ಟೊಪ್ಪಿ ನೋಡಿದ್ದೀರಾ?" ಇಚ್ಚ ಬಿಡಲಿಲ್ಲ. "ಒಂದು ಗೇಣು ಬಟ್ಟೆ. ಅದರಲ್ಲಿ ಹೆಂಗಸರು ಕೈಯಲ್ಲಿ ಹೊಲಿದ ಕಸೂತಿ ಎಷ್ಟು! ಗಲ್ಫಿನಲ್ಲಿ ನಮ್ಮೂರಿನ ಹೆಸರು ಹೇಳಿಸಿದ್ದೇ ಆ ಟೊಪ್ಪಿ."

ಭಾವನ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ. ಚಹಾ ಬಂದದ್ದರಿಂದ ಬಚಾವಾದರು.

ಅರ್ಮಾನಿ ಹೊಲಿಗೆ ಕಲಿತವನಲ್ಲ. ನನಗೆ ಇಡೀ ಕಥೆಯಲ್ಲಿ ರುಚಿಸಿದ್ದು ಇದೇ. ಅಂಗಡಿಯಲ್ಲಿ ನಿಂತು, ಯಾರು ಯಾವ ಬಟ್ಟೆ ಮುಟ್ಟಿ ನೋಡುತ್ತಾರೆ, ಯಾವುದನ್ನು ಹಾಕಿ ನೋಡಿ ಮುಖ ಸಿಂಡರಿಸುತ್ತಾರೆ ಎಂದು ವರ್ಷಗಟ್ಟಲೆ ನೋಡಿದ. 1964ರ ಹೊತ್ತಿಗೆ ನೀನೊ ಚೆರುಟಿಯ ಹತ್ತಿರ ಸೇರಿದ. ಚೆರುಟಿಯವರದ್ದು ತಲೆಮಾರುಗಳಿಂದ ಉಣ್ಣೆ ನೇಯುವ ಮಿಲ್ಲಿನ ಮನೆತನ. ಬಟ್ಟೆಯ ನೂಲು, ತೂಕ, ಬೀಳುವ ರೀತಿ ಎಲ್ಲ ಅವನಿಗೆ ಅರ್ಥವಾದದ್ದು ಅಲ್ಲಿ. 1975ರಲ್ಲಿ ಸೆರ್ಜಿಯೊ ಗಾಲೆಯೊಟಿ ಎಂಬ ಗೆಳೆಯನ ಜೊತೆ ಸ್ವಂತ ಕಂಪೆನಿ. ಬಂಡವಾಳಕ್ಕೆ ಫೋಕ್ಸ್‌ವ್ಯಾಗನ್ ಕಾರು ಮಾರಿದರಂತೆ. ಆಗ ಅವನಿಗೆ 41.

"41ಕ್ಕೆ ಸ್ವಂತ ಅಂಗಡಿ," ಎಂದು ಭಾವ ಬೆರಳು ಮಡಚಿದರು. "ನಮ್ಮ ಹುಡುಗನಿಗೆ ಹೆಣ್ಣು ಕೊಡುವವರು ಯಾರು?"

ಮಾಷ್ಟ್ರು ಕೇಳಿಸಿಕೊಳ್ಳಲಿಲ್ಲ. ಆ ಕಾಲದ ಕೋಟೆಂದರೆ ರಕ್ಷಾಕವಚ. ಎದೆಗೆ ಗಟ್ಟಿ ಕ್ಯಾನ್ವಾಸು, ಭುಜಕ್ಕೆ ಪ್ಯಾಡು. ಹಾಕಿಕೊಂಡವನು ಒಳಗೆ ಇದ್ದಾನೋ ಇಲ್ಲವೋ ಕೋಟು ನಿಂತಿರುತ್ತಿತ್ತು. ಅರ್ಮಾನಿ ಪ್ಯಾಡು ತೆಗೆದ, ಲೈನಿಂಗು ತೆಗೆದ, ಗುಂಡಿ ಕೆಳಗೆ ಸರಿಸಿದ. ಹೆಂಗಸರ ಬಟ್ಟೆಗೆಂದು ಮೀಸಲಾಗಿದ್ದ ಮೆತ್ತನೆ ಬಟ್ಟೆಯನ್ನು ಗಂಡಸರಿಗೆ ಹೊಲಿಸಿದ. ಬಣ್ಣವೂ ಹಾಗೆಯೇ, ಬೂದಿಯೂ ಅಲ್ಲ, ಕಂದೂ ಅಲ್ಲ. ಅಂಗಳದಲ್ಲಿ ಬಿದ್ದು ಒಂದು ಮಳೆ ಕಂಡ ಅಡಿಕೆ ಹಾಳೆಯ ಬಣ್ಣ ಎಂದು ನಾನು ಹೇಳಿದೆ. ಭಾವನಿಗೆ ಥಟ್ಟನೆ ಅರ್ಥವಾಯಿತು. "ಅದಕ್ಕೆ ಲಕ್ಷ ಕೊಡ್ತಾರಾ?" ಎಂದರು.

"ಒಂದು ನಿಮಿಷ," ಟೈಲರಣ್ಣ ಮಿಷನ್ನಿನ ಕಾಲು ನಿಲ್ಲಿಸಿದ. "ಇವನೇ ಮೊದಲು ತೆಗೆದದ್ದಾ?"

ಮಾಷ್ಟ್ರು ಗಂಟಲು ಸರಿಮಾಡಿಕೊಂಡರು. ಸುಳ್ಳು ಹೇಳುವ ಪೈಕಿ ಅಲ್ಲ ಅವರು. ನೇಪಲ್ಸಿನ ದರ್ಜಿಗಳು 1930ರ ದಶಕದಲ್ಲೇ ಅಂಥ ಮೆತ್ತನೆ ಕೋಟು ಹೊಲಿಯುತ್ತಿದ್ದರು. ಸೆಕೆಯ ಊರಲ್ವಾ. ಅರ್ಮಾನಿ ಆ ಹಗುರವನ್ನು ಫ್ಯಾಕ್ಟರಿಗೆ ತಂದ, ಪ್ರಪಂಚಕ್ಕೆ ಮಾರಿದ.

"ನೋಡಿದಿರಾ! ಹೊಲಿದವ ಟೈಲರು, ಹೆಸರು ಡಿಸೈನರಿಗೆ." ಟೈಲರಣ್ಣನ ಕತ್ತರಿ ಮೇಜಿನ ಮೇಲೆ ಠಕ್ಕೆಂದಿತು. ಅವನ ಮಾತಿನಲ್ಲಿ ಅರ್ಧ ನ್ಯಾಯ ಉಂಟು. ಇನ್ನರ್ಧ ಅರ್ಮಾನಿಯದ್ದು. ಯಾವುದನ್ನು ತೆಗೆಯಬೇಕು ಎಂದು ತಿಳಿಯುವುದೂ ಕಸುಬೇ. ಇದನ್ನು ನಾನು ಜೋರಾಗಿ ಹೇಳಲಿಲ್ಲ. ನನ್ನ ಎರಡು ಪ್ಯಾಂಟು ಇನ್ನೂ ಅವನ ಹತ್ತಿರವೇ ಇವೆ.

ಆಮೇಲೆ ಸಿನಿಮಾ. ಚಿಕ್ಕಂದಿನಿಂದ ಸಿನಿಮಾ ನೋಡಿ ಬೆಳೆದವನನ್ನು ಗೆಲ್ಲಿಸಿದ್ದೂ ಸಿನಿಮಾವೇ. 1980ರ ಒಂದು ಹಾಲಿವುಡ್ ಚಿತ್ರದಲ್ಲಿ ರಿಚರ್ಡ್ ಗಿಯರ್ ಹಾಸಿಗೆ ತುಂಬ ಅರ್ಮಾನಿ ಕೋಟು, ಶರ್ಟು, ಟೈ ಹರಡಿಕೊಂಡು ಆರಿಸುತ್ತಾನೆ. ಅಲ್ಲಿಂದ ಅಮೆರಿಕದಲ್ಲಿ ಅರ್ಮಾನಿ ಮನೆಮಾತು. 1982ರಲ್ಲಿ ಟೈಮ್ ಪತ್ರಿಕೆಯ ಮುಖಪುಟ.

"ಅಷ್ಟು ಶರ್ಟಿಗೆ ಇಸ್ತ್ರಿ ಹಾಕಿದ್ದು ಯಾರು?" ಇಚ್ಚ ಕೇಳಿದರು. ಗಲ್ಫಿನಲ್ಲಿ ಮೊದಲು ಲಾಂಡ್ರಿಯಲ್ಲಿದ್ದವರು ಅವರು.

ಊರಿಗೆಲ್ಲ ಕೋಟು ಹೊಲಿಸಿದ ಅರ್ಮಾನಿ ತಾನು ಮಾತ್ರ ಹೆಚ್ಚಾಗಿ ಕಡುನೀಲಿ ಟೀ ಶರ್ಟಿನಲ್ಲೇ ಇರುತ್ತಿದ್ದನಂತೆ. ಟೈಲರಣ್ಣ ತನ್ನ ಬನಿಯನ್ನು ಒಮ್ಮೆ ನೋಡಿಕೊಂಡು ನೆಟ್ಟಗೆ ಕೂತ.

"ಆದರೂ ಪಾಪ, ಅವನ ಅಮ್ಮನಿಗೆ ಡಾಕ್ಟರು ಮಗ ಸಿಗಲಿಲ್ಲ," ಎಂದರು ಭಾವ.

ಮಾಷ್ಟ್ರು ಇದಕ್ಕೇ ಕಾದಿದ್ದರು ಅನಿಸುತ್ತದೆ. 2020ರ ಮಾರ್ಚಿನಲ್ಲಿ ಕೊರೊನಾ ಬಂದಾಗ ಅರ್ಮಾನಿ ಇಟಲಿಯ ತನ್ನ ಫ್ಯಾಕ್ಟರಿಗಳಲ್ಲೆಲ್ಲ ಕೋಟು ನಿಲ್ಲಿಸಿ ಆಸ್ಪತ್ರೆಯವರಿಗೆ ಒಮ್ಮೆ ಹಾಕಿ ಬಿಸಾಡುವ ಮೈಗವಸು ಹೊಲಿಸಿದ. "ಒಬ್ಬ ಡಾಕ್ಟರು ಆಗುವ ಬದಲು ಸಾವಿರಾರು ಡಾಕ್ಟರಿಗೆ ಬಟ್ಟೆ ಹಾಕಿಸಿದ."

"ನಾನೂ ಮಾಸ್ಕು ಹೊಲಿದಿದ್ದೆ," ಎಂದ ಟೈಲರಣ್ಣ. ಹೌದು. ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿ ನಾವೆಲ್ಲ ಈಚೆಯೇ ಸಿಕ್ಕಿಬಿದ್ದ ಆ ದಿನಗಳಲ್ಲಿ ಇಡೀ ಪೇಟೆಯ ಮೂಗಿಗೆ ಅವನ ಶರ್ಟುಬಟ್ಟೆಯ ತುಂಡುಗಳೇ. ಮಾಷ್ಟ್ರದ್ದು ಚೌಕುಳಿ, ಇಚ್ಚನದ್ದು ಗೆರೆ.

ಅರ್ಮಾನಿ 2025ರ ಸೆಪ್ಟೆಂಬರಿನಲ್ಲಿ ತೀರಿಕೊಂಡ, 91ನೇ ವಯಸ್ಸಿನಲ್ಲಿ. ಕೊನೆಯವರೆಗೂ ಕಂಪೆನಿಯನ್ನು ಕೈಬಿಟ್ಟಿರಲಿಲ್ಲ.

ಭಾವ ಎದ್ದು ಹೋಗಿ ಆ ಮದುಮಗನ ಕೋಟನ್ನು ಒಳಹೊರಗೆ ತಿರುಗಿಸಿ ನೋಡಿದರು. "ಟೈಲರಣ್ಣ, ಈ ಲೈನಿಂಗು, ಪ್ಯಾಡು ಎಲ್ಲ ಇಲ್ಲದೆ ಹೊಲಿದರೆ ಎಷ್ಟು ಕಮ್ಮಿ ಆಗ್ತದೆ?"

"ಕಮ್ಮಿಯಾ? ಡಬ್ಬಲ್ ಆಗ್ತದೆ."

"ಎಂತದು?"

"ಲೈನಿಂಗು ಇದ್ದರೆ ಒಳಗಿನ ಹೊಲಿಗೆ ಹೇಗಿದ್ದರೂ ಮುಚ್ಚಿಹೋಗ್ತದೆ. ಅದು ಇಲ್ಲದಿದ್ದರೆ ಒಂದೊಂದು ಅಂಚಿಗೂ ಪಟ್ಟಿ ಕೊಟ್ಟು ಹೊಲಿಯಬೇಕು. ಕಿಸೆಯ ಬೆನ್ನು ಸಹ ಚಂದ ಇರಬೇಕು. ಪ್ಯಾಡು ಇಲ್ಲದಿದ್ದರೆ ಭುಜದ ಡೊಂಕೆಲ್ಲ ಕಾಣ್ತದೆ, ಅದನ್ನು ಕಟಿಂಗಿನಲ್ಲೇ ಸರಿ ಮಾಡಬೇಕು."

ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅಡಿಕೆ ಮಂಡಿಯಲ್ಲಿ ಕೂತು ಲೆಕ್ಕ ಹಾಕುವಾಗಿನ ಮುಖ.

"ಅಂದರೆ ಸಾಮಾನು ತೆಗೆದಷ್ಟೂ ಮಜೂರಿ ಏರ್ತದೆ."

"ಹೂಂ."

"ಮಾಷ್ಟ್ರೇ, ಆ ಕಣ್ಣೂರಿನ ಪರೀಕ್ಷೆಗೆ ಚಿತ್ರ ಬಿಡಿಸಬೇಕಂತೆ ಅಲ್ವಾ? ಹುಡುಗನಿಗೆ ಒಂದು ಡಬ್ಬಿ ಬಣ್ಣ ತೆಗೆದುಕೊಡಬೇಕಿತ್ತು. ಒಳ್ಳೆಯದು ಎಲ್ಲಿ ಸಿಕ್ಕೀತು, ಕಾಸರಗೋಡಿಗೇ ಹೋಗಬೇಕಾ?"