ಮತಕ್ಕೆ ಹಾಕದೆಯೇ ‘ಜನ ಗಣ ಮನ’ ರಾಷ್ಟ್ರಗೀತೆಯಾದದ್ದು ಹೇಗೆ?

ಪ್ರಶ್ನೆ:
ಸಂವಿಧಾನದ ವಿಧಿಗಳನ್ನು ಒಂದೊಂದಾಗಿ ಚರ್ಚಿಸಿ ಮತಕ್ಕೆ ಹಾಕಿದ ಸಂವಿಧಾನ ಸಭೆಯು ರಾಷ್ಟ್ರಗೀತೆಯ ವಿಷಯದಲ್ಲಿ ಹಾಗೆ ಮಾಡಲಿಲ್ಲ. 1950ರ ಜನವರಿ 24ರಂದು ಅಧ್ಯಕ್ಷರಾದ ರಾಜೇಂದ್ರ ಪ್ರಸಾದರು ಒಂದು ಹೇಳಿಕೆ ನೀಡಿದರು, ಸದಸ್ಯರು ಚಪ್ಪಾಳೆ ತಟ್ಟಿದರು, ಅಲ್ಲಿಗೆ ವಿಷಯ ಮುಗಿಯಿತು. ಸ್ವಾತಂತ್ರ್ಯ ಹೋರಾಟದ ಉದ್ದಕ್ಕೂ ಜನರ ಬಾಯಲ್ಲಿದ್ದ ‘ವಂದೇ ಮಾತರಂ’ಗೆ ಆ ಸ್ಥಾನ ಸಿಗದಿರಲು ಮುಸ್ಲಿಂ ಲೀಗಿನ ಆಕ್ಷೇಪವೊಂದೇ ಕಾರಣವೆ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1:
ಆ ಆಕ್ಷೇಪ ಇದ್ದದ್ದು ನಿಜ. ಅದಕ್ಕಾಗಿಯೇ 1937ರಲ್ಲಿ ಕಾಂಗ್ರೆಸ್ ಕಾರ್ಯಕಾರಿ ಸಮಿತಿಯು ಮೊದಲ ಎರಡು ಚರಣಗಳನ್ನಷ್ಟೇ ಹಾಡುವಂತೆ ಸೂಚಿಸಿತ್ತು. ಆದರೆ ಸ್ವಾತಂತ್ರ್ಯದ ನಂತರ ಮುಂದೆ ಬಂದ ತೊಡಕು ಬೇರೆಯದೇ ಆಗಿತ್ತು: ವಾದ್ಯವೃಂದಕ್ಕೆ ಒಗ್ಗುವ ಧಾಟಿ ಬೇಕಿತ್ತು. 1948ರ ಆಗಸ್ಟ್ 25ರಂದು ನೆಹರೂ ಸಭೆಯ ಮುಂದಿಟ್ಟ ವಿವರಣೆಯ ಪ್ರಕಾರ, 1947ರಲ್ಲಿ ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಸೇರಿದ್ದಾಗ, ಭಾರತದ ರಾಷ್ಟ್ರಗೀತೆಯನ್ನು ವಾದ್ಯವೃಂದದಿಂದ ನುಡಿಸಬೇಕಾದ ಸಂದರ್ಭ ಬಂದು, ಅದನ್ನು ಕೊಡಿ ಎಂದು ನಮ್ಮ ನಿಯೋಗವನ್ನು ಕೇಳಲಾಯಿತು. ನಿಯೋಗದ ಬಳಿ ಇದ್ದದ್ದು ‘ಜನ ಗಣ ಮನ’ದ ಒಂದು ಗ್ರಾಮಾಫೋನ್ ತಟ್ಟೆ. ವಾದಕರು ಅದನ್ನೇ ಕೇಳಿ ಅಭ್ಯಾಸ ಮಾಡಿ ನುಡಿಸಿದರು. ಅದು ಎಷ್ಟು ಮೆಚ್ಚುಗೆ ಪಡೆಯಿತೆಂದರೆ ಹಲವು ದೇಶಗಳ ಪ್ರತಿನಿಧಿಗಳು ಅದರ ಸ್ವರಲಿಪಿ ಬೇಕೆಂದು ಕೇಳಿದರಂತೆ. ಬಳಿಕ ನಮ್ಮ ಸೇನೆಯ ಬ್ಯಾಂಡುಗಳೂ ವಿದೇಶಗಳಲ್ಲಿದ್ದ ರಾಯಭಾರ ಕಚೇರಿಗಳೂ ಅದನ್ನೇ ಬಳಸತೊಡಗಿದವು. ಪ್ರಾಂತಗಳ ಗವರ್ನರುಗಳಿಗೆ ಪತ್ರ ಬರೆದು ಅಭಿಪ್ರಾಯ ಕೇಳಿದಾಗ, ಮಧ್ಯ ಪ್ರಾಂತದ ಗವರ್ನರರೊಬ್ಬರನ್ನು ಬಿಟ್ಟು ಉಳಿದವರೆಲ್ಲ ಒಪ್ಪಿದರು. ಹೀಗೆ ತಾತ್ಕಾಲಿಕವೆಂದು ಬಂದದ್ದೇ ಕೊನೆಗೆ ನೆಲೆನಿಂತಿತು. ರಾಷ್ಟ್ರಗೀತೆಯಲ್ಲಿ ಪದಗಳಿಗಿಂತ ಧಾಟಿಯೇ ಮುಖ್ಯ ಎಂಬ ನಿಲುವನ್ನು ನೆಹರೂ ಅಂದು ಮುಚ್ಚುಮರೆಯಿಲ್ಲದೆ ಹೇಳಿದ್ದರು.

ಉತ್ತರ 2:
ಮೇಲಿನ ಉತ್ತರಕ್ಕೆ ಒಂದು ಮಾತು ಸೇರಿಸುತ್ತೇನೆ. ಬ್ಯಾಂಡಿಗೆ ಒಗ್ಗುವ ಗುಣ ‘ಜನ ಗಣ ಮನ’ಕ್ಕೆ 1947ರಲ್ಲಿ ಹಠಾತ್ತನೆ ಬಂದದ್ದಲ್ಲ. 1911ರ ಡಿಸೆಂಬರ್ 27ರಂದು ಕಲ್ಕತ್ತೆಯ ಕಾಂಗ್ರೆಸ್ ಅಧಿವೇಶನದಲ್ಲಿ ಮೊದಲು ಹಾಡಲಾದ ಈ ಗೀತೆಗೆ, 1919ರಲ್ಲಿ ರವೀಂದ್ರನಾಥ ಠಾಕೂರರು ಮದನಪಲ್ಲಿಯ ಥಿಯೊಸಾಫಿಕಲ್ ಕಾಲೇಜಿಗೆ ಬಂದಿದ್ದಾಗ, ಪಾಶ್ಚಾತ್ಯ ಸಂಗೀತ ಬಲ್ಲ ಮಾರ್ಗರೆಟ್ ಕಸಿನ್ಸ್ ಸ್ವರಲಿಪಿ ಬರೆದಿದ್ದರು. 1942ರಲ್ಲಿ ಸುಭಾಷರ ಉಪಸ್ಥಿತಿಯಲ್ಲಿ ಹ್ಯಾಂಬರ್ಗಿನಲ್ಲಿ ವಾದ್ಯವೃಂದವೊಂದು ಅದನ್ನು ನುಡಿಸಿತ್ತು. ಅತ್ತ ‘ವಂದೇ ಮಾತರಂ’ ಪರವಾಗಿ ಸಂಗೀತಗಾರ ಮಾಸ್ಟರ್ ಕೃಷ್ಣರಾವ್ ಫುಲಂಬ್ರೀಕರ್ ಬ್ಯಾಂಡಿಗೆ ಹೊಂದುವ ಧಾಟಿಯನ್ನು ಕಟ್ಟಿ ದೆಹಲಿಯಲ್ಲಿ ಕೇಳಿಸಿದರು. ಅಷ್ಟು ಹೊತ್ತಿಗೆ ಕಾಲ ಮೀರಿತ್ತೆಂದೇ ನನ್ನ ಅನಿಸಿಕೆ. ಐದನೆಯ ಜಾರ್ಜನ ಸ್ತುತಿಗಾಗಿ ಬರೆದ ಹಾಡಿದು ಎಂಬ ಹಳೆಯ ಆರೋಪವನ್ನು ಯಾರಾದರೂ ಎತ್ತುವ ಮೊದಲೇ ಹೇಳಿಬಿಡುತ್ತೇನೆ: ಅದನ್ನು ಕವಿಯೇ 1937ರ ಪತ್ರವೊಂದರಲ್ಲಿ ಖಂಡಿಸಿದ್ದಾರೆ.

ಉತ್ತರ 3:
ಧಾಟಿಯ ಕಾರಣವನ್ನು ಒಪ್ಪುತ್ತೇನೆ, ಆದರೆ ಗವರ್ನರುಗಳ ಅಭಿಪ್ರಾಯವನ್ನು ಜನಾಭಿಪ್ರಾಯವೆಂದು ಎಣಿಸುವುದು ಕಷ್ಟ. ಪಶ್ಚಿಮ ಬಂಗಾಳದ ಸರ್ಕಾರ ‘ವಂದೇ ಮಾತರಂ’ ಕಡೆಗಿತ್ತೆಂಬುದನ್ನು ನೆಹರೂ ಅವರೇ ಹೇಳಿದ್ದರು. ಮೊದಲು ನಿರ್ಣಯವೊಂದನ್ನು ಮಂಡಿಸುವ ಯೋಚನೆಯಿತ್ತೆಂದೂ, ಅದಕ್ಕಿಂತ ಹೇಳಿಕೆಯೇ ಲೇಸೆಂದು ಕಂಡಿತೆಂದೂ ರಾಜೇಂದ್ರ ಪ್ರಸಾದರು ಅಂದು ತಿಳಿಸಿದರು. ಮತಕ್ಕೆ ಹಾಕಿದ್ದರೆ ಸಭೆ ಎರಡು ಪಾಳಯವಾಗುತ್ತಿತ್ತು. ಆದ್ದರಿಂದಲೇ ಅದೇ ಹೇಳಿಕೆಯಲ್ಲಿ ‘ವಂದೇ ಮಾತರಂ’ಗೆ ಸಮಾನ ಗೌರವವನ್ನು ಸಾರಲಾಯಿತು; ಆ ದಿನ ಸಭೆ ಮುಗಿಯುವಾಗ ಪೂರ್ಣಿಮಾ ಬ್ಯಾನರ್ಜಿ ಮತ್ತಿತರರು ‘ಜನ ಗಣ ಮನ’ವನ್ನು, ಲಕ್ಷ್ಮೀಕಾಂತ ಮೈತ್ರ ಮತ್ತಿತರರು ‘ವಂದೇ ಮಾತರಂ’ ಅನ್ನು ಹಾಡಿದರು.

ರಾಷ್ಟ್ರಗೀತೆಯ ಆಯ್ಕೆಗೆ ಧಾಟಿಯೇ ದಾರಿ ಮಾಡಿತು; ನಮ್ಮ ನಾಡಗೀತೆಯಲ್ಲಿ ಇದು ತಿರುವುಮುರುವಾಯಿತು, ಪದಗಳು ಮೊದಲು ನಿರ್ಧಾರವಾಗಿ ಧಾಟಿ ಆಮೇಲೆ ಬಂತು. ಕುವೆಂಪು ಅವರ ಗೀತೆಯನ್ನು 2004ರಲ್ಲಿಯೇ ಘೋಷಿಸಿದರೂ, ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ ಎರಡೂವರೆ ನಿಮಿಷದೊಳಗೆ ಹಾಡಬೇಕೆಂಬ ಆದೇಶ ಹೊರಟದ್ದು 2022ರಲ್ಲಿ, ಅದೂ ಅಶ್ವತ್ಥರ ಧಾಟಿಯ ಪರ ಇದ್ದವರ ಅಸಮಾಧಾನದ ನಡುವೆ.