ಕೆರೆಯ ಕಳೆ: ಭಾನುವಾರದ ಕೆಲಸಕ್ಕೆ ಮುನ್ನ

ಸಂಘದ ಕಾರ್ಯದರ್ಶಿ:
ನಿವಾಸಿಗಳೆಲ್ಲರಿಗೂ ನಮಸ್ಕಾರ. ಸಂಕ್ರಾಂತಿಯ ಹೊತ್ತಿಗೆ ಕೋಡಿಯ ಮೂಲೆಯಲ್ಲಿ ಒಂದು ಅಂಗಳದಷ್ಟಿದ್ದ ಅಂತರಗಂಗೆ ಈಗ ಅರ್ಧ ಕೆರೆಯನ್ನು ಮುಚ್ಚಿದೆ. ಭಾನುವಾರ ಬೆಳಗ್ಗೆ ಏಳಕ್ಕೆ ಸೇರಿ ಕೀಳೋಣವೆಂದು ಯೋಚಿಸಿದ್ದೇವೆ. ಕಳೆನಾಶಕ ಹೊಡೆದರೆ ಬೇಗ ಮುಗಿಯುತ್ತದೆಂದು ಕೆಲವರು ಹೇಳುತ್ತಿದ್ದಾರೆ. ತಮ್ಮ ಅಭಿಪ್ರಾಯ ತಿಳಿಸಿರಿ.

ನಿವೃತ್ತ ಜೀವಶಾಸ್ತ್ರ ಶಿಕ್ಷಕ, 2ನೇ ಅಡ್ಡರಸ್ತೆ:
ನಮ್ಮ ಧಾರವಾಡದ ಕಡೆ ನೀರಿನ ಮೇಲೆ ತೇಲುವುದಕ್ಕೆಲ್ಲ ಅಂತರಗಂಗೆ ಎಂದೇ ಹೆಸರು. ನಿಜವಾದ ಅಂತರಗಂಗೆಗೆ ತೊಟ್ಟಿರುವುದಿಲ್ಲ. ಅದರ ಮಖಮಲ್ಲಿನಂಥ ಎಲೆಗಳು ಬಿಡಿಸಿಟ್ಟ ಎಲೆಕೋಸಿನಂತೆ ಹರಡಿಕೊಂಡಿರುತ್ತವೆ. ನಿನ್ನೆ ಸಂಜೆ ನಾನು ಎತ್ತಿ ನೋಡಿದ ಗಿಡದ ಎಲೆ ನುಣುಪಾಗಿ ಹೊಳೆಯುತ್ತಿತ್ತು, ತೊಟ್ಟು ಗಾಳಿ ತುಂಬಿದಂತೆ ಉಬ್ಬಿತ್ತು, ತಿಳಿನೇರಳೆ ಹೂವಿನ ಮೇಲಿನ ಎಸಳಿನಲ್ಲಿ ಹಳದಿ ಬೊಟ್ಟಿತ್ತು. ಇದು ದಕ್ಷಿಣ ಅಮೆರಿಕ ಮೂಲದ ಜಲಕುಂಭಿ. ಉಣಕಲ್ ಕೆರೆಯನ್ನು ಕಾಡಿದ್ದೂ ಇದೇ. ತಾಯಿಗಿಡದಿಂದ ಹೊರಟ ಕುಡಿಯ ತುದಿಯಲ್ಲಿ ಮರಿಗಿಡ ಮೂಡುತ್ತ, ಅನುಕೂಲ ಸಿಕ್ಕರೆ ಎರಡೇ ವಾರಗಳಲ್ಲಿ ಇಮ್ಮಡಿಯಾಗುತ್ತದೆ. ನನ್ನ ಆತಂಕ ಹೂವಿನದು, ಏಕೆಂದರೆ ಕೆಸರಿಗಿಳಿದ ಬೀಜ 15 ವರ್ಷ ಕಳೆದರೂ ಮೊಳೆಯಬಲ್ಲದು.

ಕಳೆನಾಶಕ ಖಂಡಿತ ಬೇಡ. ಇಷ್ಟೊಂದು ಗಿಡ ಒಮ್ಮೆಲೇ ಸತ್ತು ನೀರಿನಲ್ಲೇ ಕೊಳೆತರೆ ಆಮ್ಲಜನಕ ಕುಸಿದು ಮೀನುಗಳು ಸಾಯುತ್ತವೆ, ಕೊಳೆತದ್ದೆಲ್ಲ ಮುಂದಿನ ಬೆಳೆಗೆ ಗೊಬ್ಬರವಾಗುತ್ತದೆ.

ಗೃಹಿಣಿ, 4ನೇ ಅಡ್ಡರಸ್ತೆ:
ಮಾಸ್ತರರೇ, ಇದನ್ನು ತಿನ್ನುವ ಹುಳುಗಳಿವೆ ಎಂದು ಓದಿದ್ದೆ. ಅವನ್ನು ತಂದು ಬಿಡಬಹುದೇ?

ನಿವೃತ್ತ ಜೀವಶಾಸ್ತ್ರ ಶಿಕ್ಷಕ:
ಇವೆ, ಅಕ್ಕನವರೇ. ನಿಯೋಕೆಟಿನಾ ಎಂಬ ಮೂತಿಹುಳುಗಳನ್ನು 1980ರ ದಶಕದಲ್ಲಿ ವಿದೇಶದಿಂದ ತರಿಸಿ ಬೆಂಗಳೂರಿನ ಸುತ್ತಲಿನ ಕೆರೆಗಳಲ್ಲಿ ಬಿಟ್ಟಿದ್ದರು. ಕಳೆ ತಗ್ಗಿದ್ದೂ ಉಂಟು. ಆದರೆ ಫಲ ಕಾಣಲು ಎರಡು-ಮೂರು ವರ್ಷ ಬೇಕು. ನಮ್ಮ ಕೆರೆಗೆ ಹೊಂದುತ್ತವೆಯೇ ಎಂದು ಇಲ್ಲಿನ ಕೃಷಿ ವಿಶ್ವವಿದ್ಯಾಲಯದವರನ್ನು ಕೇಳೋಣ.

ಹೈನುಗಾರ, ಕೆರೆ ದಂಡೆ:
ಕಿತ್ತದ್ದನ್ನು ನಮ್ಮ ಎಮ್ಮೆಗಳಿಗೆ ಹಾಕಬಹುದೇ ಸರ್?

ನಿವೃತ್ತ ಜೀವಶಾಸ್ತ್ರ ಶಿಕ್ಷಕ:
ಹಾಕಬೇಡಿ. ಅದರಲ್ಲಿ ಶೇ 90ಕ್ಕೂ ಹೆಚ್ಚು ನೀರೇ ಇದೆ. ಮೇಲಾಗಿ ಹೊಲಸು ನೀರಿನಲ್ಲಿ ಬೆಳೆದ ಗಿಡ ಸೀಸ, ಕ್ಯಾಡ್ಮಿಯಂನಂಥ ಲೋಹಗಳನ್ನು ಹೀರಿಕೊಂಡಿರುತ್ತದೆ.

ಗೃಹಿಣಿ, 4ನೇ ಅಡ್ಡರಸ್ತೆ:
ಹೊಲಸು ನೀರಿನ ಮಾತು ಬಂದದ್ದು ಒಳ್ಳೆಯದಾಯಿತು. ನಮ್ಮದೇ ಮೂರು ಅಡ್ಡರಸ್ತೆಗಳ ಗಟಾರದ ನೀರು ಕೆರೆಗೆ ಸೇರುತ್ತಿರುವಾಗ, ಅದರಲ್ಲಿನ ಸಾರಜನಕ ಮತ್ತು ರಂಜಕವನ್ನುಂಡು ಬೆಳೆಯುವ ಗಿಡವನ್ನಷ್ಟೇ ದೂರಿ ಪ್ರಯೋಜನವೇನು? ಗಟಾರ ತಿರುಗಿಸದೆ ಎಷ್ಟು ಕಿತ್ತರೂ ದೀಪಾವಳಿಗೆ ಮತ್ತೆ ಸೇರಬೇಕಾಗುತ್ತದೆ. ಅರ್ಜಿಯನ್ನು ನಾನು ಬರೆಯುತ್ತೇನೆ, ಮನೆಗೊಂದು ಸಹಿ ಕೊಡಿರಿ.

ಸಂಘದ ಕಾರ್ಯದರ್ಶಿ:
ಒಪ್ಪಿದೆ. ದಟ್ಟವಾಗಿ ಬೆಳೆದ ಒಂದು ಎಕರೆ ಕಳೆ ನೂರು ಟನ್ನಿಗೂ ಮಿಗಿಲಾಗಿ ತೂಗಬಲ್ಲದಾದ್ದರಿಂದ ಕೆರೆಯ ನಡುಭಾಗ ನಮ್ಮ ಕೈಲಾಗದ ಕೆಲಸ. ಅದಕ್ಕೆ ಯಂತ್ರ ಬೇಕೆಂದು ಅದೇ ಅರ್ಜಿಯಲ್ಲಿ ಸೇರಿಸಿರಿ. ಭಾನುವಾರ ಎರಡೇ ಕೆಲಸ ಮಾಡೋಣ. ಮಿರಗದ ಮಳೆಗೆ ಕೋಡಿ ಬಿದ್ದರೆ ಕಳೆ ಕೆಳಗಿನ ಕೆರೆಗೂ ಹೋಗುವುದರಿಂದ, ಖಾಲಿ ಕ್ಯಾನು ಕಟ್ಟಿದ ಹಗ್ಗವನ್ನು ಕೋಡಿಗೆ ಅಡ್ಡಲಾಗಿ ಎಳೆಯುವುದು ಮೊದಲನೆಯದು. ಪಡುವಣ ಗಾಳಿ ಮೂಡಣ ದಂಡೆಗೆ ತಂದು ಒತ್ತಿರುವ ಗಿಡಗಳನ್ನು, ಹೂಬಿಟ್ಟವುಗಳಿಂದ ಆರಂಭಿಸಿ, ಎಳೆದು ಹಾಕುವುದು ಎರಡನೆಯದು. ರಾಶಿಯ ರಸ ಮರಳಿ ಕೆರೆಗಿಳಿಯದಂತೆ ಅದನ್ನು ಏರಿಯ ಆಚೆ ಸುರಿಯಬೇಕು. ಕಳೆಯಡಿ ಹಾವುಗಳಿರುವ ಸಂಭವವಿದೆ, ಗಮ್ ಬೂಟಿಲ್ಲದವರು ದಂಡೆಯ ಮೇಲೇ ನಿಲ್ಲಿರಿ, ಮಕ್ಕಳನ್ನು ಕರೆತರಬೇಡಿ.

ಹೈನುಗಾರ, ಕೆರೆ ದಂಡೆ:
ನಮ್ಮ ಟ್ರ್ಯಾಕ್ಟರ್ ಮತ್ತು ಟ್ರೇಲರ್ ಆರೂವರೆಗೇ ಏರಿಯ ಬಳಿ ಇರುತ್ತವೆ. ಡೀಸೆಲ್ ಮಾತ್ರ ಸಂಘ ಹಾಕಿಸಲಿ.