0.8 ಎಂಎಂ ಟಿ1 ಸ್ಕ್ಯಾನ್‌ನಲ್ಲಿ ತಲೆ ಅಲುಗಿದರೆ

ಪ್ರಶ್ನೆ (ಎಂಆರ್‌ಐ ಟೆಕ್ನಾಲಜಿಸ್ಟ್): 3 ಟೆಸ್ಲಾ ಮಷೀನಿನಲ್ಲಿ 0.8 ಎಂಎಂ ಎಂಪಿರೇಜ್ (ಮಿದುಳಿನ 3ಡಿ ಟಿ1 ಚಿತ್ರ) ತೆಗೀತೀವಿ. ಟಿಆರ್ (ಒಂದು ಸುತ್ತಿನ ಹೊತ್ತು) 2.5 ಸೆಕೆಂಡ್, ಗ್ರಾಪ್ಪಾ 2 (ಕೆಲವು ಸಾಲು ಬಿಟ್ಟು ಬೇಗ ಮುಗಿಸೋ ವಿಧಾನ), ಒಟ್ಟು 7 ನಿಮಿಷ ಚಿಲ್ಲರೆ. ವಯಸ್ಸಾದವರಲ್ಲಿ ಕಾರ್ಟೆಕ್ಸ್ (ಮಿದುಳಿನ ಹೊರಪದರ) ಸುತ್ತ ಅಲೆ ಅಲೆಯಾಗಿ ಗೆರೆ ಬರುತ್ತೆ. ಎಫ್‌ಎಂಆರ್‌ಐ (ಮಿದುಳಿನ ಚಟುವಟಿಕೆಯ ಸ್ಕ್ಯಾನ್) ಥರ ಆಮೇಲೆ ರಿಅಲೈನ್ ಮಾಡಿದರೆ ಸಾಕಾಗಲ್ವಾ ಸರ್?

ಉತ್ತರ (ಎಂಆರ್ ಫಿಸಿಸಿಸ್ಟ್): ಸಾಕಾಗಲ್ಲ. ಎಫ್‌ಎಂಆರ್‌ಐನಲ್ಲಿ ಒಂದು ವಾಲ್ಯೂಮ್ ಒಂದೆರಡು ಸೆಕೆಂಡಿಗೆ ಮುಗಿಯುತ್ತೆ, ಒಂದರ ಮೇಲೊಂದು ಕೂರಿಸಬಹುದು. ಇಲ್ಲಿ 7 ನಿಮಿಷಕ್ಕೂ ಸೇರಿ ಇರೋದೇ ಒಂದು ಚಿತ್ರ. ಪ್ರತಿ ಟಿಆರ್‌ಗೆ ಕೆ-ಸ್ಪೇಸಿನ (ಚಿತ್ರವಾಗುವ ಮುಂಚಿನ ಕಚ್ಚಾ ಡೇಟಾ) ಒಂದು ಹಾಳೆಯಷ್ಟು ಸಾಲು ತುಂಬುತ್ತೆ. ನಡುವೆ ತಲೆ ತಿರುಗಿದರೆ ಆಮೇಲಿನ ಸಾಲುಗಳೆಲ್ಲ ಬೇರೆ ಕೋನದವು. ತಿರುಗಿದ್ದು ಬರೀ 1 ಡಿಗ್ರಿ ಅಂದುಕೊಳ್ಳಿ: ತಲೆ ಊರಿರುವ ಜಾಗದಿಂದ 100 ಎಂಎಂ ದೂರದಲ್ಲಿ ಅದು 1.7 ಎಂಎಂ ಆಗುತ್ತೆ. ಎರಡು ವೋಕ್ಸೆಲ್ (ಚಿತ್ರದ ಪುಟ್ಟ ಘನ, ಇಲ್ಲಿ 0.8 ಎಂಎಂ) ದಾಟಿತು.

ಮಷೀನಿನಲ್ಲಿ ನ್ಯಾವಿಗೇಟರ್ (ತಲೆ ಎಲ್ಲಿದೆ ಅಂತ ಆಗಾಗ ನೋಡೋ ಪುಟ್ಟ ಸ್ಕ್ಯಾನ್) ಇರುವ ಸೀಕ್ವೆನ್ಸ್ (ವಿನ್ಯಾವ್, ಪ್ರೋಮೋ) ಇದೆಯಾ ನೋಡಿ. ವಿನ್ಯಾವ್‌ನಲ್ಲಿ ಟಿಆರ್‌ನ ಖಾಲಿ ಹೊತ್ತಿನಲ್ಲೇ 8 ಎಂಎಂ ವೋಕ್ಸೆಲ್‌ನ ಪುಟ್ಟ 3ಡಿ ಇಪಿಐ (ಅತಿ ವೇಗದ ಚಿತ್ರ) ತೆಗೆಯುತ್ತೆ, 275 ಮಿಲಿಸೆಕೆಂಡ್ ಸಾಕು. ವೋಕ್ಸೆಲ್ ದಪ್ಪ ಅಂತ ಗಾಬರಿ ಬೇಡ, ಹೊಂದಿಸೋದು ಇಡೀ ತಲೆಯನ್ನು, ಹಾಗಾಗಿ ಎಂಎಂಗಿಂತ ಕಡಿಮೆ ಚಲನೆಯೂ ಸಿಕ್ಕಿಬೀಳುತ್ತೆ. ಅದರ ಪ್ರಕಾರ ಮುಂದಿನ ಟಿಆರ್‌ಗೆ ಗ್ರೇಡಿಯಂಟ್ (ಜಾಗ ಗುರುತಿಸೋ ಕಾಂತಕ್ಷೇತ್ರ) ದಿಕ್ಕು ಬದಲಾಗುತ್ತೆ.

ಆದರೆ ತಿದ್ದುಪಡಿ ಒಂದು ಟಿಆರ್ ತಡ. ಕೆಮ್ಮಿದ ಆ ಟಿಆರ್ ಹಾಳಾದದ್ದು ಹಾಳೇ. ಅದಕ್ಕೇ ರಿಅಕ್ವಿಸಿಷನ್ ಆನ್ ಮಾಡಿ. ಹೆಚ್ಚು ಅಲುಗಿದ ಟಿಆರ್‌ಗಳನ್ನು ಕೊನೆಗೆ ಮತ್ತೆ ತೆಗೆಯುತ್ತೆ. 30 ಟಿಆರ್‌ಗೆ ಅವಕಾಶ ಕೊಟ್ಟರೆ ಹೆಚ್ಚಾಗೋದು 75 ಸೆಕೆಂಡ್. ಇಡೀ ಸ್ಕ್ಯಾನ್ ರಿಪೀಟ್ ಮಾಡೋದಕ್ಕಿಂತ ಎಷ್ಟೋ ವಾಸಿ.

ಪ್ರಶ್ನೆ: ನ್ಯಾವಿಗೇಟರ್ ಹಾಕಿದ ಮೇಲೂ ಒಂದು ಕೇಸಿನಲ್ಲಿ ಇಡೀ ಚಿತ್ರ ಮಡಚಿದ ಹಾಗೆ ಬಂತು. ಯಾಕೆ?

ಉತ್ತರ: ಗ್ರಾಪ್ಪಾದ ಕ್ಯಾಲಿಬ್ರೇಷನ್ ಸಾಲುಗಳನ್ನು (ಬಿಟ್ಟ ಸಾಲು ತುಂಬೋಕೆ ಬಳಸೋ ಮಾದರಿ) ಅನುಮಾನಿಸಿ. ಅವು ಕೆ-ಸ್ಪೇಸಿನ ಮಧ್ಯದಲ್ಲಿರುತ್ತವೆ. ಸಾಲುಗಳು ಕ್ರಮವಾಗಿ ತುಂಬುವ ಸೆಟ್ಟಿಂಗಿನಲ್ಲಿ ಆ ಸರದಿ ಬರೋದು ಸುಮಾರು ಮೂರೂವರೆ ನಿಮಿಷಕ್ಕೆ. ಆಗ ಅಲುಗಿದರೆ ದೋಷ ಒಂದು ಕಡೆ ನಿಲ್ಲಲ್ಲ, ಚಿತ್ರವೆಲ್ಲ ಹರಡುತ್ತೆ. ಇನ್ನೊಂದು ವಿಷಯ, ತಲೆ ತಿರುಗಿದರೂ ಕಾಯಿಲ್ (ತಲೆ ಸುತ್ತ ಸಿಗ್ನಲ್ ಹಿಡಿಯೋ ಭಾಗ) ತಿರುಗಲ್ಲ. ಗದ್ದ ಮೇಲೆ ಕೆಳಗೆ ಆದರೆ ಬಿ0 (ಮುಖ್ಯ ಕಾಂತಕ್ಷೇತ್ರ) ಕೂಡ ಬದಲಾಗುತ್ತೆ. ನ್ಯಾವಿಗೇಟರ್ ಇವೆರಡನ್ನೂ ತಿದ್ದಲ್ಲ.

ಪ್ರಶ್ನೆ: ಕ್ಯಾಮೆರಾ ಟ್ರ್ಯಾಕಿಂಗ್ ಇನ್ನೂ ಚೆನ್ನಾಗಿರುತ್ತಾ?

ಉತ್ತರ (ಇನ್ನೊಬ್ಬರು, 7 ಟೆಸ್ಲಾ ಸಂಶೋಧನೆ): ವೇಗ ಜಾಸ್ತಿ, ಟಿಆರ್ ಒಳಗೂ ತಿದ್ದಬಹುದು. ಆದರೆ ಕ್ಯಾಮೆರಾ ಗಮನಿಸೋ ಮಾರ್ಕರನ್ನು ಹಣೆಗೆ ಅಂಟಿಸಿದರೆ ಹುಬ್ಬು ಗಂಟಿಕ್ಕಿದ್ದೂ ತಲೆ ಚಲನೆ ಅಂತಲೇ ಲೆಕ್ಕ, ಇಲ್ಲದ ಚಲನೆಗೆ ತಿದ್ದುಪಡಿ ಬೀಳುತ್ತೆ. ಮೇಲಿನ ಹಲ್ಲಿಗೆ ಕೂರುವ ಮೌತ್‌ಪೀಸ್ ಬೇಕು. ಕ್ಯಾಮೆರಾಗೂ ಸ್ಕ್ಯಾನರಿಗೂ ಕ್ರಾಸ್ ಕ್ಯಾಲಿಬ್ರೇಷನ್ (ಎರಡರ ಅಳತೆ ಹೊಂದಿಸೋದು) ತಪ್ಪಿದ್ದರೆ ಕ್ಯಾಮೆರಾ ಇಲ್ಲದಿದ್ದರೇ ಚೆನ್ನಾಗಿತ್ತು ಅನ್ನಿಸುತ್ತೆ. 0.5 ಎಂಎಂಗಿಂತ ಕೆಳಗೆ ಹೋಗದಿದ್ದರೆ ಈ ತಾಪತ್ರಯ ಬೇಡ ಅನ್ನೋದು ನನ್ನ ಅಭಿಪ್ರಾಯ.

ಉತ್ತರ (ಫಿಸಿಸಿಸ್ಟ್): ನ್ಯಾವಿಗೇಟರ್ ಇಲ್ಲದ ಮಷೀನಾದರೆ 1 ಎಂಎಂಗೆ ಇಳಿಸಿ, ಸಮಯ ಕಮ್ಮಿಯಾಗುತ್ತೆ. ಕಿವಿಯ ಎರಡೂ ಪಕ್ಕ ಫೋಮ್, ಮಂಡಿ ಕೆಳಗೆ ದಿಂಬು, ಬಾತ್‌ರೂಮಿಗೆ ಮೊದಲೇ ಕಳಿಸಿ. ಕಾಯಿಲಿನ ಈ ಅಂಚಿನಿಂದ ಆ ಅಂಚಿಗೆ ಹಣೆ ಮೇಲೆ ಮೆಡಿಕಲ್ ಟೇಪ್ ಹಾಕಿ. ತಲೆ ಹಿಡಿದಿಡೋಕಲ್ಲ, ಅಲುಗಿದರೆ ಚರ್ಮ ಎಳೆದು ಪೇಷೆಂಟಿಗೇ ಗೊತ್ತಾಗಲಿ ಅಂತ. ಮಸುಕಾದ ಸ್ಕ್ಯಾನನ್ನು ಕಾರ್ಟೆಕ್ಸ್ ದಪ್ಪ ಅಳೆಯೋಕೆ ಮಾತ್ರ ಕಳಿಸಬೇಡಿ. ದಪ್ಪ ಕಡಿಮೆ ತೋರಿಸುತ್ತೆ, ಅದು ಕಾಯಿಲೆ ಥರಾನೇ ಕಾಣುತ್ತೆ.